ಬೆಳಕಿಂಡಿಯ ಕೆಳಗೆ ಡ್ರಾಯಿಂಗ್ ಬೋರ್ಡು

ಪೆನ್ಸಿಲ್ ಕೆತ್ತುವಾಗ ಏಳುವ ಕಟ್ಟಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಸಿಂದಗಿಯ ನಮ್ಮ ಹಳೆಯ ಮನೆಯ ನಡುಕೋಣೆಗೆ ಹೋಗಿ ಕೂತುಬಿಡುತ್ತೇನೆ. ರಸ್ತೆ ಅಗಲ ಮಾಡಿದಾಗ ಆ ಮನೆ ಹೋಯಿತು. ನಿಮಗೂ ಹೀಗೆ ವಾಸನೆಯಲ್ಲಷ್ಟೇ ಉಳಿದ ಮನೆಯೊಂದು ಇದ್ದೀತು. ನಮ್ಮದರ ನಡುಕೋಣೆಗೆ ಕಿಟಕಿಯೇ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಮೊರದಷ್ಟು ಅಗಲದ ಬೆಳಕಿಂಡಿ ಒಂದೇ. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಒಂದು ಗೋಡೆಯ ಮೇಲೆ ಕಾಣಿಸಿಕೊಂಡು, ಮಧ್ಯಾಹ್ನ ನೆಲಕ್ಕೆ ಬಂದು, ಸಂಜೆ ಎದುರಿನ ಗೋಡೆ ಹತ್ತಿ ಆರಿಹೋಗುತ್ತಿತ್ತು. ನೆಲದ ಮೇಲಿನ ಆ ಬಿಸಿಲಿನ ತುಂಡಿನ ಹಿಂದೆ ನನ್ನ ಡ್ರಾಯಿಂಗ್ ಬೋರ್ಡನ್ನು ಸರಿಸುತ್ತ ಕೂರುತ್ತಿದ್ದವಳು ಅಕ್ಕ ಕಸ್ತೂರಿ.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ರೈತರ ತೊಗರಿ ಮಾರಿಕೊಡುವ ಅಡತಿ ಅಂಗಡಿಯಲ್ಲಿ ಗುಮಾಸ್ತ. ಮಗ ಇಂಜಿನಿಯರ್ ಆಗಬೇಕೆಂದು ಅವರು ತೀರ್ಮಾನಿಸಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಹತ್ತನೇ ಇಯತ್ತೆ ಮುಗಿದದ್ದೇ ವಿಜಾಪುರದ ಪಾಲಿಟೆಕ್ನಿಕ್‌ಗೆ ಹಾಕಿದರು. ದಿನವೂ ಬೆಳಿಗ್ಗೆ ಬಸ್ಸು. ತುಂಬಿದ ಬಸ್ಸಿನಲ್ಲಿ ಗೆರೆ ಎಳೆಯುವ ನನ್ನ ಉದ್ದನೆಯ ಟೀ-ಸ್ಕ್ವೇರು ಯಾರದಾದರೂ ಪಕ್ಕೆಗೆ ತಿವಿದು ಬೈಗುಳ ತರುತ್ತಿತ್ತು. ಅದಕ್ಕಿಂತ ದೊಡ್ಡ ಸಂಕಟ ಕ್ಲಾಸಿನಲ್ಲಿ. ಒಂದೇ ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬೇರೆ ಬೇರೆಯಾಗಿ ಬರೆಯಬೇಕು. ನನಗೆ ಕಾಣುತ್ತಿದ್ದದ್ದು ಬರೀ ಗೆರೆಗಳು, ಬಲೆಯ ಹಾಗೆ. ಬಿಟ್ಟು ಓಡಲು ದಾರಿಯಿರಲಿಲ್ಲ. ಅಪ್ಪ ಓಣಿಗೆಲ್ಲ ಹೇಳಿಯಾಗಿತ್ತು.

ಅಕ್ಕನದು ಬೇರೆಯೇ ಕಟ್ಟು. ಅವಳನ್ನು ಹತ್ತನೇ ಇಯತ್ತೆಗೇ ಬಿಡಿಸಿದ್ದರು. ಕನ್ನೊಳ್ಳಿಯ ಮನೆತನವೊಂದಕ್ಕೆ ಮದುವೆ ಗೊತ್ತುಮಾಡಿದ ಮೇಲೆ ಹೊಸ್ತಿಲು ದಾಟುವುದೂ ನಿಂತಿತು. ಒಂದು ದಿನ ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಹಾಳೆ ಅಳಿಸುತ್ತಿದ್ದಾಗ ಅವಳು ಪಕ್ಕಕ್ಕೆ ಬಂದು ಕೂತು ಪುಸ್ತಕ ತಿರುವಿದಳು. ಇಂಗ್ಲಿಷು ಓದಲಿಲ್ಲ, ಚಿತ್ರಗಳನ್ನಷ್ಟೇ ನೋಡಿದಳು. ಸಂಜೆಯ ಹೊತ್ತಿಗೆ ಹಾಳೆ ಮುಗಿದಿತ್ತು. ಅಂದಿನಿಂದ ನನ್ನ ಹಾಳೆಗಳೆಲ್ಲ ಅವಳ ಕೈಯವು. ಗೆರೆಗಳು ಕೂದಲೆಳೆಯಂತೆ ತೆಳ್ಳಗೆ, ನೇರ. ಮೂಲೆಯ ಚೌಕಟ್ಟಿನಲ್ಲಿ ಮಾತ್ರ ನನ್ನ ಹೆಸರು. ಅದನ್ನೂ ಅವಳೇ ಬರೆಯುತ್ತಿದ್ದಳು.

"ನಿಮ್ಮ ಕ್ಲಾಸಿನ್ಯಾಗ ಹುಡ್ಗೇರು ಅದಾರೇನೋ?" ಎಂದು ಒಮ್ಮೆ ಕೇಳಿದಳು.

"ಇಬ್ಬರು ಅದಾರ."

ಅವಳು ತಲೆಯೆತ್ತದೆ ಗೆರೆ ಮುಂದುವರಿಸಿದಳು.

ಕೆಲವು ತಿಂಗಳ ಮೇಲೆ ಡ್ರಾಯಿಂಗ್ ಸರ್ ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ನಾನು ತಂದ ಹಾಳೆಯಲ್ಲಿದ್ದ ಚಿತ್ರವನ್ನೇ ಬರೆಯಲು ಹೇಳಿದರು. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. "ಯಾರ ಕೈನೋ ಇದು?" ಎಂದರು. "ನಮ್ಮ ಅಕ್ಕಂದ್ರಿ" ಎಂದೆ. "ಹಂಗಾದ್ರ ಆಕಿನ್ನ ಕಳಸು, ನೀ ಮನ್ಯಾಗ ಕುಂಡ್ರು" ಎಂದರು. ಕ್ಲಾಸು ನಕ್ಕಿತು. ಅವಮಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಮನೆಯಲ್ಲಿ ಊಟಕ್ಕೆ ಕೂತಾಗ ಸರ್ ಅಂದದ್ದನ್ನು ಹಾಗೇ ಹೇಳಿಬಿಟ್ಟೆ. ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅಕ್ಕ ಅಪ್ಪನ ಮುಖ ನೋಡಿದಳು. ಅವಳು ಹಾಗೆ ಆಸೆಯಿಂದ ನೋಡಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅಪ್ಪ ನೀರು ಕುಡಿದು, "ಆಕಿ ಮದುವಿ ಗೊತ್ತಾಗೇತಿ" ಎಂದಷ್ಟೇ ಹೇಳಿ ಎದ್ದರು.

ಮರುದಿನ ಅವಳು ಅರಿವೆ ಸಾಬೂನಿನ ಬಾರನ್ನು ಚಾಕುವಿನಿಂದ ಮೆಟ್ಟಿಲಿನಂತೆ ಕೊಯ್ದು ನನ್ನ ಕಣ್ಣಿನ ಕೆಳಗೆ ಹಿಡಿದಳು. "ಒಂದ ಕಣ್ಣು ಮುಚ್ಚು. ಈಗ ಮ್ಯಾಲಿಂದ ನೋಡು, ಎತ್ತರ ಮರ್ತುಬಿಡು. ಏನ್ ಕಾಣತೈತಿ?" ಹತ್ತು ಸಲ ತಪ್ಪಿದೆ. ಹನ್ನೊಂದನೆಯ ಸಲ ಮೂರು ಚೌಕಗಳು ಕಂಡವು. ಅವಳು ಬೆನ್ನಿಗೆ ಜೋರಾಗಿ ಗುದ್ದಿ ನಕ್ಕಳು. ಹೀಗೆ ಎಷ್ಟು ಸಾಬೂನು ಕೊಯ್ದೆವೋ. ಅವ್ವ ಬೈಯುತ್ತ ಆ ತುಂಡುಗಳಲ್ಲೇ ಬಟ್ಟೆ ಒಗೆದಳು. ಪರೀಕ್ಷೆಯಲ್ಲಿ ನಾನೇ ಬರೆದೆ, ಪಾಸಾದೆ. ಫಲಿತಾಂಶ ಬರುವ ಹೊತ್ತಿಗೆ ಅಕ್ಕ ಕನ್ನೊಳ್ಳಿಯಲ್ಲಿದ್ದಳು.

ನಾನು ಇಂಜಿನಿಯರನಾದೆ. ಕೆಲವು ವರ್ಷಗಳ ಮೇಲೆ ಕನ್ನೊಳ್ಳಿಯ ಮನೆಯವರು ಮೇಲೊಂದು ಅಂತಸ್ತು ಕಟ್ಟಲು ಹೊರಟು ನನ್ನನ್ನು ಕರೆಸಿದರು. ಭಾವ, ಅವರ ಅಣ್ಣಂದಿರು, ಗೋಡೆ ಕಟ್ಟುವ ಗೌಂಡಿ ಎಲ್ಲರೂ ಮೆಟ್ಟಿಲಿನ ಜಾಗಕ್ಕೆ ದಾರ ಹಿಡಿದು ನಿಂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತ ಅಕ್ಕ ಮೆಲ್ಲಗೆ, "ಅಲ್ಲಿ ಬ್ಯಾಡ್ರಿ, ತೊಲಿಗೆ ತಲಿ ಬಡೀತೈತಿ" ಎಂದಳು. ಭಾವ ನಕ್ಕು, "ಇಂಜಿನಿಯರ್ ಸಾಹೇಬ್ರು ಇಲ್ಲೇ ಅದಾರಲ್ಲ" ಎಂದು ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಭಾವನ ಮಾತು ತೆಗೆದುಹಾಕಲು ನಾಲಿಗೆ ಏಳಲಿಲ್ಲ. ಅಳತೆಯನ್ನೂ ನೋಡದೆ "ನಡೀತೈತಿ ಬಿಡ್ರಿ" ಎಂದೆ. ಅಕ್ಕ ನನ್ನನ್ನೊಮ್ಮೆ ನೋಡಿ ಚಹಾ ಸೋಸಲು ಒಳಗೆ ಹೋದಳು.

ಈಗ ಅವಳಿಲ್ಲ. ಅವಳ ಉತ್ತರಕ್ರಿಯೆಗೆಂದು ಕನ್ನೊಳ್ಳಿಗೆ ಹೋದಾಗ, ದಿನಗರ್ಮದ ದಿವಸ, ಅದೇ ಮೆಟ್ಟಿಲು ಹತ್ತುತ್ತ ನನ್ನ ಹಣೆ ತೊಲೆಗೆ ಬಡಿಯಿತು. ಹಿಂದೆಯೇ ಬರುತ್ತಿದ್ದ ಅವಳ ಮಗಳು ಕೈಹಿಡಿದು ಕೂರಿಸಿದಳು. "ಈ ಮನಿಯಾಗ ಎಲ್ಲಾರಿಗೂ ಬಡದೈತಿ ಮಾಮಾ. ಅವ್ವಗ ಒಬ್ಬಾಕಿಗೆ ಬಡದಿಲ್ಲ" ಎಂದಳು. "ಕೆಳಗಿನ ಮೆಟ್ಟಿಲಿಂದನ ಬಗ್ಗಿಕೊಂಡ ಹತ್ತತಿದ್ಲು."