ಎಡೆಗೆ ಬೇಲಿತೊಂಡೆ

ಮಧುಗಿರಿ ಸಂತೆಯಲ್ಲಿ ತೊಂಡೆಕಾಯಿಗೆ ಬರವೇನಿಲ್ಲ. ಉದ್ದುದ್ದಕ್ಕೆ, ಮೈಕೈ ತುಂಬಿಕೊಂಡು, ಗೋಣಿತಾಟಿನ ಮೇಲೆ ರಾಶಿ ಬಿದ್ದಿರುತ್ತದೆ. ನನ್ನ ಹೆಂಡತಿ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. "ನೀರು ಕುಡಿದು ಊದ್ಕೊಂಡಿರೋವು" ಎಂದು ಮೂತಿ ತಿರುವುತ್ತಿದ್ದಳು. ಅವಳದು ಪಾವಗಡದ ಕಡೆ. ತೊಂಡೆಗೆ ದೊಂಡಕಾಯಿ ಎನ್ನುತ್ತಿದ್ದಳು. ಅದರಲ್ಲೂ ಬೇಲಿಯ ಮೇಲೆ ತಾನಾಗಿ ಹಬ್ಬಿದ್ದೇ ಅವಳಿಗೆ ದೊಂಡಕಾಯಿ, ಮಿಕ್ಕಿದ್ದೆಲ್ಲ ದನದ ಮೇವು. ಮಳೆ ಬಿದ್ದು ಬೇಲಿ ಹಸಿರಾದರೆ ಸಾಕು, ಚೀಲ ಹಿಡಿದು ಬೆಟ್ಟದ ಹಿಂದಿನ ಬಂಡಿದಾರಿಗೆ ಹೋಗಿಬಿಡುತ್ತಿದ್ದಳು. ಮಧ್ಯಾಹ್ನ ನಾನು ಊಟಕ್ಕೆ ಕೂರುವ ಹೊತ್ತಿಗೆ ತಟ್ಟೆಯಲ್ಲಿ ಪಲ್ಯ ಇರುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ವರ್ಷದ ಕಾರ್ಯ ಮುಗಿದ ಮೇಲೆ ಈ ಸಲದ್ದು ಮೊದಲ ಪಕ್ಷ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿ, ಬಾಳೆಲೆಗೆ ಬಡಿಸಿ ಎಡೆ ಇಡುತ್ತೇವೆ. ಎಡೆಯಿಡುವ ತನಕ ಅದನ್ನು ಯಾರೂ ನಾಲಿಗೆಗೆ ಸೋಕಿಸುವ ಹಾಗಿಲ್ಲ, ಎಂಜಲಾಗುತ್ತದೆ. ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರಬೇಕು, ಬಂದವರು ನೆಮ್ಮದಿಯಾಗಿ ಉಣ್ಣಲಿ ಅಂತ.

ಶಿರಾದಲ್ಲಿರುವ ಮಗಳು ಫೋನ್ ಮಾಡಿದಳು. ಅವತ್ತು ಅವಳ ಗಂಡನ ಮನೆಯಲ್ಲೂ ಎಡೆ, ಬರುವಂತಿಲ್ಲ. "ಯಾರನ್ನಾದ್ರೂ ಅಡಿಗೆಗೆ ಕರ್ಸ್ಕೊಳ್ಳಪ್ಪ" ಎಂದಳು. ನನಗೆ ಸಿಟ್ಟು ಬಂತು. ಬದುಕಿದ್ದಾಗ ಒಂದು ಲೋಟ ಕಾಫಿ ಮಾಡಿಕೊಟ್ಟವನಲ್ಲ ನಾನು. ಇದನ್ನೂ ಬೇರೆಯವರ ಕೈಯಲ್ಲಿ ಮಾಡಿಸಿದರೆ ಗಂಡ ಅಂತ ಯಾಕೆ ಅನ್ನಿಸಿಕೊಳ್ಳಬೇಕು? ಬೇಲಿತೊಂಡೆಯನ್ನು ನಾನೇ ಕಿತ್ತು, ನಾನೇ ಪಲ್ಯ ಮಾಡಿ, ಅವಳ ಎಲೆಗೆ ಬಡಿಸುತ್ತೇನೆ ಎಂದು ಪಟ್ಟು ಹಿಡಿದೆ. ಆ ಒಂದು ಪಲ್ಯ ಸರಿಹೋದರೆ ಸಾಕಾಗಿತ್ತು, ಅನ್ನ ಸೀದರೂ ಚಿಂತೆಯಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಸೌತೆಯ ಕುಟುಂಬದ ಲಕ್ಷಣಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ದಿನವೂ ಅವಳ ಜೊತೆ ಬೇಲಿಗೆ ಹೋದವನಲ್ಲ. ಒಮ್ಮೆ ಸಿದ್ದರಬೆಟ್ಟಕ್ಕೆ ಹೋಗಿದ್ದೆವು. ಅವಳು ಪೊದೆ ಕಂಡಲ್ಲೆಲ್ಲ ನಿಲ್ಲುತ್ತಾ ಹಿಂದೆ ಬಿದ್ದಳು. ನಾನು ರೇಗಿ, ಒಬ್ಬನೇ ಮೇಲೆ ಹತ್ತಿ, ದೇವರ ದರ್ಶನವನ್ನೂ ಮುಗಿಸಿ ಕೂತಿದ್ದೆ. ಅವಳು ಬಂದಾಗ ಸೆರಗಿನಲ್ಲಿ ಒಂದಿಷ್ಟು ಕಾಯಿಗಳಿದ್ದವು. "ಎಲ್ಲಾ ಒಂದೇ ಥರ ಇರ್ತವಲ್ಲ, ಅದ್ಹೇಗೆ ಗೊತ್ತಾಗುತ್ತೆ ನಿನಗೆ?" ಎಂದು ಕೇಳಿದೆ. "ಅದೇನ್ ದೊಡ್ ವಿದ್ಯೆ ಬುಡ್ರಿ. ನಿಮ್ದೆಲ್ಲ ಪುಸ್ತಕದ ಬದನೆಕಾಯಿ" ಎಂದು ನಕ್ಕಳು. ನಾನೂ ಮತ್ತೆ ಕೇಳಲು ಹೋಗಲಿಲ್ಲ.

ಅಮಾವಾಸ್ಯೆಗೆ ಮೂರು ವಾರವಿರುವಾಗಲೇ ಬಂಡಿದಾರಿಗೆ ಹೋಗತೊಡಗಿದೆ. ಹೋಗಿ ನೋಡಿದರೆ, ಅಯ್ಯೋ ಶಿವನೇ! ಕಳ್ಳಿಬೇಲಿಯ ಮೇಲೆ ಮೂರು ಬಗೆಯ ಬಳ್ಳಿ ಒಂದರ ಕೊರಳಿಗೆ ಒಂದು ಬಿದ್ದು ಹೆಣೆದುಕೊಂಡಿವೆ. ಮೂರರಲ್ಲೂ ಹಸಿರು ಕಾಯಿ, ಮೂರಕ್ಕೂ ಬಿಳಿ ಗೆರೆ. ಒಂದು ತೊಂಡೆ, ಇನ್ನೊಂದು ಲಿಂಗತೊಂಡೆ, ಮತ್ತೊಂದು ಕಾಡುಪಡವಲ. ಲಿಂಗತೊಂಡೆ ವಿಷದ್ದು, ಕಾಡುಪಡವಲ ಬಾಯಿಗಿಡಲಾಗದಷ್ಟು ಕಹಿ. ಎಳೆಯ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಾಯಿಯ ತೊಟ್ಟು ಹಿಡಿದು ಬಳ್ಳಿಯ ಉದ್ದಕ್ಕೂ ಬೆರಳಾಡಿಸುತ್ತಾ ಎಲೆಯ ತನಕ ಹೋಗಬೇಕು.

ಹೋದೆ. ಕಳ್ಳಿಮುಳ್ಳಿನಿಂದ ಅಂಗೈಯೆಲ್ಲ ಗೀರಾಯಿತು. ತೊಂಡೆಯ ಎಲೆ ನುಣುಪು, ಮೂಲೆ ಮೂಲೆಯಾಗಿರುತ್ತದೆ. ಲಿಂಗತೊಂಡೆಯ ಎಲೆ ಬೆರಳು ಬಿಡಿಸಿದ ಅಂಗೈ, ಮುಟ್ಟಿದರೆ ಒರಟು. ಕಾಡುಪಡವಲದ ಎಲೆಗೆ ನವಿರು ರೋಮ, ಹಿಸುಕಿದರೆ ನಾತ. ಬೇಲಿಯನ್ನು ಹಿಡಿಯಲು ಬಳ್ಳಿ ಚಾಚುವ ಸುರುಳಿ ಎಳೆಯಿದೆಯಲ್ಲ, ಆ ಕುಡಿಬಳ್ಳಿ ತೊಂಡೆಯಲ್ಲಿ ಒಂಟಿ. ಲಿಂಗತೊಂಡೆಯಲ್ಲಿ ತುದಿ ಎರಡಾಗಿ ಸೀಳಿರುತ್ತದೆ, ಪಡವಲದಲ್ಲಿ ಎರಡೋ ಮೂರೋ. ತೊಂಡೆಯದು ಅಗಲವಾದ ಬಿಳಿ ಹೂ, ಒಂದೊಂದೇ. ಲಿಂಗತೊಂಡೆಯದು ಗೊಂಚಲು ಗೊಂಚಲು ಪುಟಾಣಿ ಹೂ. ಪಡವಲದ ಹೂವಿನ ಅಂಚು ದಾರ ಬಿಚ್ಚಿದ ಬಟ್ಟೆಯ ಹಾಗೆ, ಅದೂ ಸಂಜೆಗೆ ಅರಳುವಂಥದು. ಅದನ್ನು ನೋಡಲೆಂದು ಕತ್ತಲಾಗುವವರೆಗೆ ಬೇಲಿಯ ಬಳಿ ನಿಂತಿದ್ದೆ. ಮನೆಗೆ ಬೇಗ ಹೋಗಿ ಮಾಡುವುದಾದರೂ ಏನಿತ್ತು?

ಕುರಿ ಹೊಡೆದುಕೊಂಡು ಬಂದ ಒಬ್ಬಾತ ಬಹಳ ಹೊತ್ತು ನನ್ನನ್ನೇ ನೋಡಿದ. "ಏನ್ ಮೇಷ್ಟ್ರೇ, ಬೇಲಿಗೆ ಪಾಟ ಮಾಡ್ತಾ ಇದ್ದೀರಾ?" ಎಂದ. "ನಿನ್ನಂಥವನಿಗೆ ಮಾಡೋದಕ್ಕಿಂತ ಇದು ವಾಸಿ, ಹೋಗಯ್ಯ" ಎಂದೆ. ಅವನು ನಗುತ್ತಾ ಹೋದ. ಆ ಇಡೀ ದಿನದಲ್ಲಿ ನನ್ನೊಡನೆ ಮಾತಾಡಿದ್ದು ಅವನೊಬ್ಬನೇ, ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಬಹುದಿತ್ತು ಎಂದು ಆಮೇಲೆ ಅನ್ನಿಸಿತು.

ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ಬಾಯಿಗೆ ಹನಿ ನೀರೂ ಹಾಕದೆ ಹೋಗಿ ಒಂದು ಸೇರಿನಷ್ಟು ಕಾಯಿ ಕಿತ್ತೆ. ಒಂದೊಂದನ್ನೂ ಎಲೆ, ಕುಡಿಬಳ್ಳಿ, ಹೂ ನೋಡಿಯೇ ಕಿತ್ತದ್ದು. ಮನೆಗೆ ಬಂದು ನ್ಯೂಸ್ ಪೇಪರಿನ ಮೇಲೆ ಸುರಿದು ಇನ್ನೊಮ್ಮೆ ಆರಿಸಿದೆ. ಲಿಂಗತೊಂಡೆಯಾಗಲಿ ಪಡವಲವಾಗಲಿ ಒಂದಾದರೂ ಸಿಕ್ಕಿದ್ದರೆ ಕೇಳಿ! ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ನೋಡೇ, ಪುಸ್ತಕದವನೂ ಮಾಡಬಲ್ಲ ಎಂದು ಅವಳ ಫೋಟೋಗೆ ಕೇಳುವಂತೆ ಜೋರಾಗಿಯೇ ಹೇಳಿದೆ. ಕಾಯಿ ಸೀಳಿ, ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದೆ. ಉಪ್ಪು ಸರಿಯಿದೆಯೋ ಎಂದು ನೋಡಲು ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಬಾಳೆಲೆಯ ನಡುವೆ ಪಲ್ಯವನ್ನು ಧಾರಾಳವಾಗಿಯೇ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಜಗಲಿಯ ಮೇಲೆ ಕೂತೆ.

ಬೀದಿಯ ಬೇರೆ ಮನೆಗಳವರೂ ಹಾಗೇ ಹೊರಗೆ ಕೂತಿದ್ದರು. ಒಂದೊಂದು ಜಗಲಿಯಲ್ಲೂ ಐದಾರು ಜನ, ಗಲಾಟೆ, ನಗು. ನನ್ನ ಜಗಲಿಯ ಮೇಲೆ ನಾನೊಬ್ಬ. ಅವಳು ಇಲ್ಲವೆಂಬುದು ಒಂದೂವರೆ ವರ್ಷದಲ್ಲಿ ಅಭ್ಯಾಸವಾಗಿದೆ ಎಂದುಕೊಂಡಿದ್ದೆ. ಒಳಗೆ ಉಣ್ಣುತ್ತಿದ್ದಾಳೆ, ನಾನು ಹೊರಗಿದ್ದೇನೆ ಎನ್ನಿಸಿದಾಗ ಬೀದಿಗೆ ಬೆನ್ನು ಮಾಡಿ ಬಾಗಿಲ ಕಡೆಗೇ ತಿರುಗಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋದೆ. ಕೈಮುಗಿದು, ಬಾಣಲೆಯಲ್ಲಿ ಮಿಕ್ಕಿದ್ದ ಪಲ್ಯ ಬಾಯಿಗಿಟ್ಟೆ. ಕಹಿ! ಬೇವಿನ ಕಷಾಯವೂ ಹಾಗಿರುವುದಿಲ್ಲ. ಎಡೆಯ ಅಡುಗೆಯನ್ನು ಉಗಿಯುವಂತಿಲ್ಲ, ಕಣ್ಣು ಮುಚ್ಚಿ ನುಂಗಿದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಅವರ ಎಡೆಯ ಕಜ್ಜಾಯ ಹಿಡಿದುಕೊಂಡು ಬಂದಳು. ನನ್ನ ಮುಖ ನೋಡಿ, ಬಾಣಲೆಯಿಂದ ಒಂದು ಹೋಳು ತೆಗೆದು ನಾಲಿಗೆಗೆ ಮುಟ್ಟಿಸಿದಳು.

"ಅಯ್ಯಯ್ಯೋ, ಕಹಿತೊಂಡೆ ಕಣ್ ಮೇಷ್ಟ್ರೇ ಇದು! ಕಚ್ಚಿ ನೋಡ್ಲಿಲ್ವಾ?"

"ಎಲೆ ನೋಡಿದ್ದೀನಿ, ಹೂ ನೋಡಿದ್ದೀನಿ. ತೊಂಡೇನೇ ಇದು!" ಎಂದು ಅವಳ ಮೇಲೆ ಹಾರಿಬಿದ್ದೆ.

"ತೊಂಡೇನೇ, ಯಾರ್ ಇಲ್ಲ ಅಂದ್ರು? ತೊಂಡೇಲೇ ಒಂದ್ ಬಳ್ಳಿ ಕಹಿ ಇರ್ತದೆ, ಒಂದ್ ಬಳ್ಳಿ ಚೆಂದಾಗಿರ್ತದೆ. ಎಲೆ ನೋಡುದ್ರೆ ಹೆಂಗ್ ಗೊತ್ತಾಯ್ತದೆ? ಬಳ್ಳಿಗೊಂದು ಕಾಯಿ ಕಚ್ಚಬೇಕು. ಹಬ್ಬ ಅಂದ್ರೆ ಹಿಂದಿನ್ ದಿನವೇ ಕಚ್ಚಿ ಬಳ್ಳಿ ಗುರ್ತು ಮಾಡ್ಕೊಂಡ್ ಬರಬೇಕು. ನಿಮ್ಮನೆ ಅಕ್ಕ ಅಂಗೇ ಮಾಡೋರು."

ನನಗೆ ಗೊತ್ತಿರಲಿಲ್ಲ ಎಂದೆ.

"ಕಚ್ಚೋದು, ಉಗ್ಯೋದು, ಕಚ್ಚೋದು, ಉಗ್ಯೋದು. ಒಂದೊಂದ್ ಸಲ ಬಾಯೆಲ್ಲ ವಿಷ ಆಗಿ, ವಾಂತಿ ಬಂದಂಗಾಗಿ, ಸೀದಾ ನಮ್ ಹಿತ್ಲಿಗೆ ಬಂದು ಕೂತ್ಕೊಳೋರು. ಬೆಲ್ಲ ಇಸ್ಕೊಂಡು ತಿನ್ನೋರು. ಮನೆಗೋಗಿ ತಿನ್ನಕ್ಕ ಅಂದ್ರೆ, ಬ್ಯಾಡಮ್ಮ, ಮೇಷ್ಟ್ರು ನೋಡುದ್ರೆ ಬೈತಾರೆ, ಇನ್ಮ್ಯಾಕೆ ಬೇಲಿಗೋಗ್ಬೇಡ ಅಂತಾರೆ, ಪಲ್ಯ ಅಂದ್ರೆ ಅವರಿಗೆ ಪ್ರಾಣ ಅನ್ನೋರು."

ಪಲ್ಯವೆಂದರೆ ಪ್ರಾಣವಾಗಿದ್ದದ್ದು ನನಗೆ. ಅವಳಿಗಲ್ಲ.

ಆಕೆ ಕಜ್ಜಾಯ ಇಟ್ಟು ಹೋದಳು. ನಾನು ಎಡೆಯ ಮುಂದೆ ಕೂತು ಅತ್ತುಬಿಟ್ಟೆ. ಮೂವತ್ತೊಂದು ವರ್ಷ, ಒಂದೇ ಒಂದು ಕಹಿ ಕಾಯಿ ನನ್ನ ತಟ್ಟೆಗೆ ಬಂದಿರಲಿಲ್ಲ. ಆಮೇಲೆ ಎದ್ದು, ಶಾಸ್ತ್ರ ಏನನ್ನುತ್ತದೋ ಗೊತ್ತಿಲ್ಲ, ಅವಳ ಎಲೆಯಿಂದ ಪಲ್ಯ ತೆಗೆದುಹಾಕಿ, ಆ ಜಾಗ ಒರೆಸಿ ಒಂದು ಅಚ್ಚು ಬೆಲ್ಲ ಇಟ್ಟೆ. ಮತ್ತೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ಕೂತೆ.