ಮೇಲಂತಸ್ತಿನ ಅಳತೆ

ಆ ಭಾನುವಾರ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ಅದನ್ನೇ ದೊಡ್ಡ ಕಷ್ಟವೆಂದುಕೊಂಡು, ಮೊಸರು ಕಲಸಿ ತಿಂದು, ನಾನೂ ನಮ್ಮ ಯಜಮಾನರೂ ಈ ಚಳಿದೇಶದಲ್ಲಿ ನಾವಿರುವ ಊರು ವೆಸ್ಟೆರಾಸ್‌ನಿಂದ ಬಸ್ಸು ಹಿಡಿದು ಒಂದು ಹಳೆಯ ಮರದ ಮನೆ ನೋಡಲು ಹೋದೆವು. ಇನ್ನೂರು ವರ್ಷದ ಮನೆ. ಊರಿನವರು ಹಾಗೇ ಕಾಪಾಡಿಕೊಂಡು ಬಂದು, ಬೇಸಿಗೆಯಲ್ಲಿ ಮಾತ್ರ ತೆರೆಯುತ್ತಾರೆ.

ಅಂಥ ಮನೆ ನೀವು ನೋಡಿಲ್ಲವಾದರೆ ಎರಡೂ ಕೈಗಳ ಬೆರಳುಗಳನ್ನು ಹೆಣೆದು ನೋಡಿ. ಮೂಲೆಗಳಲ್ಲಿ ದಿಮ್ಮಿಗಳು ಹಾಗೆ ಕೂತಿವೆ, ಒಂದು ಮೊಳೆಯೂ ಇಲ್ಲ. ಸಂದುಗಳಲ್ಲಿ ಗಾಳಿ ನುಗ್ಗದಂತೆ ಪಾಚಿ ತುರುಕಿದ್ದಾರೆ. ಹೊರಗೆಲ್ಲ ಗಣಿಯ ಮಣ್ಣಿನಿಂದ ಮಾಡಿದ ಕೆಂಪು ಬಣ್ಣ.

ಯಜಮಾನರು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಎಂಜಿನಿಯರ್. ಮನಸ್ಸಿಗೆ ಹಿಡಿಸಿದ ಕಟ್ಟಡವನ್ನು ಗೇಣಿನಲ್ಲಿ ಅಳೆದು, ಜೇಬಿನ ಪುಸ್ತಕದಲ್ಲಿ ನಕ್ಷೆ ಬರೆದರೇ ಸಮಾಧಾನ. ಅಂದೂ ಅವರ ಕೈ ಗೋಡೆಯ ಮೇಲೆ ಕಂಬಳಿಹುಳದಂತೆ ಹರಿಯತೊಡಗಿತು.

“ರೀ, ಜನ ನೋಡ್ತಿದಾರೆ. ಟೇಪ್ ತರಕ್ಕೇನಾಗಿತ್ತು?”

“ಇದನ್ನ ಕಟ್ಟಿದೋನ ಹತ್ರ ಟೇಪ್ ಇತ್ತೇನೇ? ಸುಮ್ನೆ ಬರ್ಕೋ, ಹದಿನೇಳು.”

ಬರೆದುಕೊಂಡೆ. ಮರ್ಯಾದೆ ಹೋಯಿತೆಂದು ದೂರ ಸರಿದು ನಿಂತದ್ದೂ ನಾನೇ.

ಮೂಲೆಯಲ್ಲಿ ಕೋಣೆ ಬೆಚ್ಚಗಿಡಲು ಚಾವಣಿ ಮುಟ್ಟುವ ಬಿಳಿ ಟೈಲ್ಸಿನ ಒಲೆ. ಹೊಗೆ ಅದರೊಳಗೆ ಮೇಲಕ್ಕೂ ಕೆಳಕ್ಕೂ ಸುತ್ತಿ, ಶಾಖವನ್ನೆಲ್ಲ ಬಿಟ್ಟುಕೊಟ್ಟ ಮೇಲೆಯೇ ಹೊರಗೆ ಹೋಗುತ್ತದಂತೆ. “ನೋಡೇ, ಹೊಗೆನೂ ಹಾಗೇ ಕಳ್ಸಲ್ಲ ಇವ್ರು. ಕೂರ್ಸಿ ಕಾಫಿ ಕೊಟ್ಟೇ ಕಳ್ಸೋದು,” ಎಂದು ನಕ್ಕರು.

ಮಹಡಿ ಮೆಟ್ಟಿಲಿಗೆ ಹಗ್ಗ ಕಟ್ಟಿದ್ದರು, ರಿಪೇರಿ. ಮನೆ ತೋರಿಸುತ್ತಿದ್ದ ಅಜ್ಜಿ, “ಮೇಲಿನ ಕೋಣೆಯೇ ಚೆಂದ, ಮುಂದಿನ ವರ್ಷ ಬನ್ನಿ,” ಎಂದರು. ಇವರು ಪುಸ್ತಕದಲ್ಲಿ ಇನ್ನೊಂದು ಚೌಕ ಎಳೆದು, ಒಳಗೆ ‘ಮುಂದಿನ ಬೇಸಿಗೆ’ ಎಂದು ಬರೆದರು.

ಬುಧವಾರ ಆಫೀಸಿನಲ್ಲಿ ಕುರ್ಚಿಯಿಂದ ಕುಸಿದವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಈ ಬೇಸಿಗೆಯಲ್ಲಿ ಆ ಪುಸ್ತಕ ಹಿಡಿದು ಒಬ್ಬಳೇ ಹೋದೆ. ಅಜ್ಜಿ ಗುರುತು ಹಿಡಿದು, “ಕೈಯಲ್ಲಿ ಅಳೆಯುತ್ತಿದ್ದವರು ಎಲ್ಲಿ?” ಎಂದರು. ಹೇಳಿದೆ. ಅವರು ನನ್ನನ್ನು ಮೇಲೆ ಕರೆದೊಯ್ದು, ಒಬ್ಬಳನ್ನೇ ಬಿಟ್ಟು ಇಳಿದುಹೋದರು.

ನಿಜಕ್ಕೂ ಚೆಂದದ ಕೋಣೆ. ಗೋಡೆ ತುಂಬ ಕೈಯಲ್ಲಿ ಬರೆದ ನೀಲಿ ಹೂಬಳ್ಳಿ, ಮೂಲೆಯಲ್ಲಿ ಕೆಳಗಿನಂಥದೇ ಬಿಳಿ ಒಲೆ. ಹಳೆಯ ಗಾಜಿನಲ್ಲಿ ಹೊರಗಿನ ಬರ್ಚ್ ಮರಗಳು ನೀರಿನೊಳಗೆ ನಿಂತಂತೆ ಕಾಣುತ್ತಿದ್ದವು. ಗೋಡೆಗೆ ಕೈಯಿಟ್ಟು ಅಳೆದೆ. ಯಾರಾದರೂ ನೋಡಿಯಾರೆಂಬ ನಾಚಿಕೆ ಈ ಸಲ ಇರಲಿಲ್ಲ. ಇಪ್ಪತ್ತು ಗೇಣು ಬಂತು.

ಬರೆಯಲು ಪೆನ್ಸಿಲ್ ಎತ್ತಿದವಳು ಹಾಗೇ ನಿಂತೆ. ಕೆಳಗಿನ ಕೋಣೆ ಅವರ ಗೇಣಿನಲ್ಲಿದೆ. ನನ್ನ ಕೈ ಚಿಕ್ಕದು. ಲೆಕ್ಕ ಹಾಕಿದರೆ ಅವರ ಗೇಣಿಗೆ ಎಷ್ಟೆಂದು ಸಿಗುತ್ತಿತ್ತೇನೋ, ಹಾಕಲಿಲ್ಲ. ಚೌಕದಲ್ಲಿ ಕಿಟಕಿ ಬರೆದೆ, ಬಾಗಿಲು ಬರೆದೆ, ಒಲೆಯನ್ನೂ ಬರೆದೆ.

ಅಳತೆ ಮಾತ್ರ ಇನ್ನೂ ಇಲ್ಲ.