ಎಲ್ಲಿಗೆ ಎಂದು ಕೇಳುವ ದೋಣಿಯವ

ಬೆಳಗಿನ ಐದೂವರೆ. ಕುಮಾರಧಾರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಪಾಲೆದಡಿ ಕಡವಿನಲ್ಲಿ ಆದಂ ಕುಂಞಿ ದೋಣಿಯೊಳಗೆ ಕುಕ್ಕರಗಾಲಲ್ಲಿ ಕುಳಿತು, ರಾತ್ರಿಯಿಡೀ ಹಲಗೆಗಳ ಸಂದಿನಿಂದ ಒಸರಿದ ನೀರನ್ನು ಅಡಿಕೆ ಹಾಳೆಯಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದಾರೆ. ದಡದಲ್ಲಿ ಆರೇಳು ಜನ ಕಾಯುತ್ತಿದ್ದಾರೆ. ಹಾಲಿನ ತಂಬಿಗೆ ಹಿಡಿದ ಸೀತು, ಎರಡು ಗೊನೆ ಬಾಳೆಕಾಯಿ ಹೊತ್ತ ಒಬ್ಬ, ಕೈಯಲ್ಲಿ ಕತ್ತಿ, ಬಗಲಲ್ಲಿ ದೊಣ್ಣೆ ಇರುವ ಇನ್ನೊಬ್ಬ. ಕತ್ತಿಯವನು ದೋಣಿಗೆ ಕಾಲಿಡುವಾಗ ಆದಂ ಕುಂಞಿ ಹಾಳೆ ಕೆಳಗಿಟ್ಟು ತಲೆ ಎತ್ತುತ್ತಾರೆ.

"ಎಲ್ಲಿಗೆ?"

"ಹೊರಟವನನ್ನು ಎಲ್ಲಿಗೆ ಅಂತ ಕೇಳುದಾ ಮಾರಾಯ್ರೆ? ಅದೂ ಬೆಳಿಗ್ಗೆ ಬೆಳಿಗ್ಗೆ!"

"ಕೇಳುದೇ. ಹೇಳಿ, ಮತ್ತೆ ಹತ್ತಿ."

"ಕುಂಬ್ರಕ್ಕೆ. ತಂಗಿಯ ಮನೆಯಲ್ಲಿ ಬೇಲಿ ಕಟ್ಟಲಿಕ್ಕೆ ಉಂಟು."

"ಆಯ್ತು. ಕತ್ತಿ, ದೊಣ್ಣೆ ಎರಡೂ ಇಲ್ಲಿ ನನ್ನ ಕಾಲ ಹತ್ತಿರ ಇಡಿ. ಆಚೆ ಇಳಿಯುವಾಗ ಕೊಡ್ತೇನೆ."

ಕತ್ತಿಯವನು ಗೊಣಗುತ್ತ ಇಡುತ್ತಾನೆ. ಅವನ ಗೊಣಗಾಟವನ್ನು ತಪ್ಪೆನ್ನುವಂತಿಲ್ಲ. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ. ದೋಣಿಯವನಂತೂ ಕೇಳಲೇಬಾರದು. ನೀರಿಗೆ ಇಳಿಯುವ ಹೊತ್ತಿನಲ್ಲಿ ಅಂಥ ಮಾತು ಇನ್ನೂ ಅಪಶಕುನ. ಆದಂ ಕುಂಞಿಯ ತಂದೆ ಮೂವತ್ತು ವರ್ಷ ಇದೇ ಕಡವಿನಲ್ಲಿ ಗಳ ಊರಿ ದೋಣಿ ನಡೆಸಿದವರು, ಒಮ್ಮೆಯೂ ಕೇಳಿದವರಲ್ಲ. ಮಗನೂ ಇಪ್ಪತ್ತೆರಡು ವರ್ಷ ಕೇಳಿರಲಿಲ್ಲ. ಈಗ ಹತ್ತು ತಿಂಗಳಿಂದ ಕೇಳುತ್ತಿದ್ದಾರೆ. ಯಾಕೆ ಎಂಬುದನ್ನು ಬರೆಯಲಿಕ್ಕೆಂದೇ ನಾನು ಪುತ್ತೂರಿನಿಂದ ಮೊದಲ ಬಸ್ಸಿಗೂ ಕಾಯದೆ, ಹಿಂದಿನ ದಿನವೇ ಬಂದು ಇಲ್ಲಿ ಉಳಿದಿದ್ದೇನೆ.

ಮೊದಲು ಅವರ ದಿನದ ಲೆಕ್ಕ ಕೇಳಿ. ಬೆಳಗಿನಿಂದ ಕತ್ತಲಾಗುವವರೆಗೆ ಮೂವತ್ತೈದರಿಂದ ನಲುವತ್ತು ಸಲ ಆಚೆ ಈಚೆ. ಸಂತೆಯ ಸೋಮವಾರ ಐವತ್ತು ದಾಟುತ್ತದೆ. ಒಂದು ಸಲಕ್ಕೆ ಹನ್ನೆರಡು ಜನ, ಅದಕ್ಕಿಂತ ಒಬ್ಬ ಹೆಚ್ಚಾದರೂ ಇಳಿಸುತ್ತಾರೆ, ಮದುಮಗನೇ ಆದರೂ. ಶಾಲೆಯ ಮಕ್ಕಳಿಗೆ, ಬಸುರಿಯರಿಗೆ, ಹೆಣ ಹೊತ್ತವರಿಗೆ ಬಾಡಿಗೆ ಇಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿದಾಗ ಗಳ ಬಿಟ್ಟು ಹುಟ್ಟು ಹಿಡಿಯುತ್ತಾರೆ, ತೀರಾ ಏರಿದರೆ ದೋಣಿಯನ್ನು ಮರಕ್ಕೆ ಕಟ್ಟಿ ತಾವೂ ಅಲ್ಲೇ ಕಾವಲು ಕೂರುತ್ತಾರೆ. ಐವತ್ತೆರಡರ ವಯಸ್ಸು. ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿದೆ. ಅಂಗೈ ಮುಟ್ಟಿ ನೋಡಿದೆ, ಅದು ಚರ್ಮವೋ ಬಿದಿರೋ ಗೊತ್ತಾಗುವುದಿಲ್ಲ.

ದೋಣಿಯಲ್ಲಿ ಅವರದ್ದೊಂದು ಕಟ್ಟುನಿಟ್ಟು. ನಡು ಹೊಳೆಯಲ್ಲಿ ಯಾರದ್ದಾದರೂ ಮಾತು ಏರಿದರೆ, ಬೆರಳು ಎತ್ತಿ ಎದ್ದು ನಿಲ್ಲುವ ಲಕ್ಷಣ ಕಂಡರೆ, ಆದಂ ಕುಂಞಿ ಗಳವನ್ನು ಊರಿ ಹಿಡಿದು ದೋಣಿ ನಿಲ್ಲಿಸುತ್ತಾರೆ. ಕೂಗಿದವನು ಕುಳಿತ ಮೇಲೆ ಮಾತ್ರ ದೋಣಿ ಮುಂದೆ. "ಒಬ್ಬ ಎದ್ರೆ ಹನ್ನೆರಡು ಜನವೂ ನೀರಿಗೆ. ಎದ್ದವ ಎಂತ ಮಾಡ್ತಾನೆ ಅಂತ ನೋಡ್ತಾ ಕೂತುಕೊಳ್ಳುದು ದೋಣಿಯವನ ಕೆಲಸ ಅಲ್ಲ. ಕೂತುಕೊಳ್ಳಿ ಅಂತ ಕೂಡ್ಲೇ ಹೇಳ್ಬೇಕು. ಹೇಳದಿದ್ರೆ ತಪ್ಪು ನನ್ನದೇ," ಎನ್ನುತ್ತಾರೆ.

ಇಷ್ಟು ಸಣ್ಣ ವಿಷಯ ಓದು ಬರಹ ಬಾರದ ಈ ಬ್ಯಾರಿಗೆ ತಿಳಿದಿದೆ. ನಾವು ಓಟು ಹಾಕಿ ಕಳಿಸಿದ ಪುಣ್ಯಾತ್ಮರಿಗೆ ಮಾತ್ರ ತಿಳಿದಿಲ್ಲ.

ಪಾಲೆದಡಿ ಪಂಚಾಯತಿ ಹೊಳೆಯ ಎರಡೂ ದಡಗಳಿಗೆ, ಇಲ್ಲಿಯವರ ಮಾತಿನಲ್ಲಿ ಎರಡೂ ಕರೆಗಳಿಗೆ, ಸೇರಿದ್ದು. ಕಚೇರಿ ಇರುವುದು ಆಲಂಕಾರಿನ ಬದಿಯ ಈಚೆ ದಡದಲ್ಲಿ. ಆಚೆ ದಡದವರಿಗೆ ಮಂಜೂರಾದ ಕುಡಿಯುವ ನೀರಿನ ಬಾವಿ ಹೋದ ವರ್ಷ ಈಚೆ ದಡದಲ್ಲಿ, ಪಂಚಾಯತಿ ಸದಸ್ಯ ಮಹಾಬಲರ ಅಂಗಳದ ಬದಿಯಲ್ಲೇ ತೋಡಿದ್ದಾಯಿತು. ಆಚೆ ದಡದ ಕೃಷಿಕ ಮಾಯಿಲಪ್ಪ ಒಂದು ಅರ್ಜಿ ಬರೆದರು. ಉತ್ತರ ಬರಲಿಲ್ಲ. ಎರಡನೆಯದು ಬರೆದರು, ಮೂರನೆಯದೂ ಬರೆದರು. ಅರ್ಜಿ ಬರೆಯುವುದು ಈ ದೇಶದಲ್ಲಿ ಅಪರಾಧವೇನೂ ಅಲ್ಲ ತಾನೇ?

ಈ ಜನವರಿ ಇಪ್ಪತ್ತಾರರಂದು ಶಾಲೆಯ ಮೈದಾನದಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಬೆಲ್ಲ ಅವಲಕ್ಕಿ ಕೊಟ್ಟು, ಸಭೆ ಶುರುವಾಯಿತು. ಮುನ್ನೂರು ಜನ ಇದ್ದರು. ಗಡಿಯ ಯುದ್ಧ ಮುಗಿದು ಎರಡು ತಿಂಗಳಾಗಿತ್ತಷ್ಟೆ. ಮಹಾಬಲರು ಮೈಕು ಹಿಡಿದು ಹೇಳಿದ ಮಾತು ಇದು: "ಗಡಿಯಲ್ಲಿ ಚೀನಾದವರು, ನಮ್ಮಲ್ಲಿ ಆಚೆ ಕರೆಯವರು. ಇನ್ನೊಮ್ಮೆ ಅರ್ಜಿ ಹಿಡಿದು ಬಂದ್ರೆ ಕಾಲು ಮುರಿದು ಹೊಳೆಗೆ ಹಾಕಿ. ಮತ್ತಿನದ್ದು ನಾನು ನೋಡಿಕೊಳ್ತೇನೆ."

ಜನ ಚಪ್ಪಾಳೆ ಹೊಡೆದರು. ವೇದಿಕೆಯಲ್ಲಿ ನಡುವಿನ ಕುರ್ಚಿಯಲ್ಲಿದ್ದ ಪಂಚಾಯತಿ ಚೇರ್ಮನ್ ತ್ಯಾಂಪಣ್ಣನವರು ನಕ್ಕರು. ನಾನೂ ಅಲ್ಲಿದ್ದೆ. ಈಗ ಅವರಿವರ ಮೇಲೆ ಹರಿಹಾಯುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಯ ಆ ವಾರದ ವರದಿಯಲ್ಲಿ ನಾನು ಬರೆದದ್ದು, 'ಸದಸ್ಯರು ಆವೇಶಭರಿತರಾಗಿ ಮಾತನಾಡಿದರು' ಎಂದು. ನಾಚಿಕೆಯಾಗುತ್ತದೆ.

ಮೈಕಿನ ಸದ್ದು ಹೊಳೆಯವರೆಗೂ ಬಂದಿತ್ತು. "ನಾನೂ ಕೇಳಿದ್ದೆ," ಎನ್ನುತ್ತಾರೆ ಆದಂ ಕುಂಞಿ. "ಸ್ಟೇಜಿನ ಮಾತು ಸ್ಟೇಜಿನಲ್ಲೇ ಇರ್ತದೆ ಅಂತ ಬಿಟ್ಟೆ. ನಗಾಡಿದೆ ಕೂಡ."

ನಾಲ್ಕು ದಿನ ಕಳೆದು ಬುಧವಾರ, ಪಂಚಾಯತಿ ಕೂಡುವ ದಿನ, ಬೆಳಗ್ಗೆ ಇದೇ ಹೊತ್ತಿಗೆ ಈಚೆ ದಡದ ಐದು ಜನ ದೊಣ್ಣೆ ಹಿಡಿದು ದೋಣಿ ಹತ್ತಿದರು. ಪರಿಚಯದವರೇ. ಐದು ಜನ, ಐದು ದೊಣ್ಣೆ, ಮಾತಿಲ್ಲ ಕತೆಯಿಲ್ಲ. ಆದಂ ಕುಂಞಿಗೆ ಏನೋ ಸರಿ ಕಾಣಲಿಲ್ಲ. ಎಲ್ಲಿಗೆ ಎಂಬ ಮಾತು ಬಾಯಿಯವರೆಗೆ ಬಂತು. ಆದರೆ ಹೊರಟವರನ್ನು ಕೇಳುವುದು ಹೇಗೆ? ನುಂಗಿಕೊಂಡರು. ದಾಟಿಸಿ, ಖಾಲಿ ದೋಣಿ ತಿರುಗಿಸಿ ನಡು ಹೊಳೆಗೆ ಬಂದಿದ್ದರಷ್ಟೆ, ಹಿಂದಿನಿಂದ ಬೊಬ್ಬೆ ಕೇಳಿತು.

ನಾಲ್ಕನೆಯ ಅರ್ಜಿ ಹಿಡಿದು ಕಡವಿಗೆ ಇಳಿಯುತ್ತಿದ್ದ ಮಾಯಿಲಪ್ಪನ ಕಾಲನ್ನು ಎರಡು ಕಡೆ ಮುರಿದು, ಎತ್ತಿ ನೀರಿಗೆ ಎಸೆದಿದ್ದರು. ಸದಸ್ಯರು ಹೇಳಿದ ಕ್ರಮದಲ್ಲೇ, ಮೊದಲು ಕಾಲು, ಆಮೇಲೆ ಹೊಳೆ. ಆದಂ ಕುಂಞಿ ಗಳ ಬಿಟ್ಟು ಹಾರಿದರು. ಮುಳುಗುತ್ತಿದ್ದವರ ಕೂದಲು ಹಿಡಿದು ದಡಕ್ಕೆ ಎಳೆದು, ಬಾಗಿಲ ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತು ರಸ್ತೆಗೆ ತಂದು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಮಾಯಿಲಪ್ಪ ಬದುಕಿದರು. ಬಲಗಾಲು ಮಾತ್ರ ಇನ್ನು ಮಡಚುವುದಿಲ್ಲ.

"ಹೊಡೆದವರಲ್ಲಿ ಒಬ್ಬ ಹೋದ ವರ್ಷ ನಮ್ಮ ಮನೆಗೆ ಹೊಸಕ್ಕಿ ಊಟಕ್ಕೆ ಬಂದವ," ಎಂದು ಮಾಯಿಲಪ್ಪ ಜಗಲಿಯಲ್ಲಿ ಕಾಲು ನೀಡಿ ಕುಳಿತು ಹೇಳುತ್ತಾರೆ. "ಅವನಿಗೆ ನನ್ನ ಮೇಲೆ ಎಂತ ದ್ವೇಷ ಉಂಟು? ಎಂತದ್ದೂ ಇಲ್ಲ. ದೊಡ್ಡವರು ಹೇಳಿದ್ದಾರೆ, ಮತ್ತಿನದ್ದು ಅವರು ನೋಡಿಕೊಳ್ತಾರೆ ಅಂತ ಅವನಿಗೆ ಧೈರ್ಯ."

ಆ ಐವರ ಮೇಲೆ ಕೇಸು ನಡೆಯುತ್ತಿದೆ. ದಾಟಿಸಿದ್ದು ನಾನೇ ಎಂದು ಮೊದಲು ಬಾಯಿ ಬಿಟ್ಟವರು, ಹೆಸರು ಹೇಳಿದವರು ಆದಂ ಕುಂಞಿ. ಸದಸ್ಯರ ಹೆಸರು ಕೇಸಿನಲ್ಲಿಲ್ಲ. ಮೈದಾನದಲ್ಲಿದ್ದ ಮುನ್ನೂರು ಜನರಿಗೂ ಒಮ್ಮೆಗೇ ಕಿವಿ ಕೇಳದಂತಾಗಿದೆ. ಮಹಾಬಲರು ಇಂದಿಗೂ ಸದಸ್ಯರು. ಮೊನ್ನೆ ಇನ್ನೊಂದು ಸಭೆಯಲ್ಲಿ ಅವರಿಗೆ ಹಾರ ಹಾಕಿದ್ದನ್ನು ಕಣ್ಣಾರೆ ಕಂಡೆ.

ಮತ್ತೆ ಚೇರ್ಮನ್ನರು? ಅವರು ನಿರ್ಣಯ ಮಾಡಿದರು. ಅದರ ಪ್ರತಿ ನನ್ನ ಮುಂದಿದೆ: 'ನಡೆದ ಘಟನೆ ವಿಷಾದನೀಯ. ಎರಡೂ ಕಡೆಯವರು ಶಾಂತಿ ಕಾಪಾಡತಕ್ಕದ್ದು.' ಎರಡೂ ಕಡೆಯವರು! ಒಂದು ಕಡೆ ಐದು ದೊಣ್ಣೆ, ಇನ್ನೊಂದು ಕಡೆ ಒಂದು ಕಾಗದ. ಅವತ್ತು ವೇದಿಕೆಯ ಮೇಲೆ ಎದ್ದು, ಮೈಕು ಕಸಿದು, 'ಈ ಮಾತು ಪಂಚಾಯತಿಯದ್ದಲ್ಲ, ಅರ್ಜಿ ತರುವುದು ನಿಮ್ಮ ಹಕ್ಕು, ಯಾರೂ ಯಾರ ಮೈ ಮುಟ್ಟಕೂಡದು' ಎನ್ನಲು ಅರ್ಧ ನಿಮಿಷ ಸಾಕಿತ್ತು. ಅವತ್ತು ಆಗಲಿಲ್ಲವೆಂದರೆ ಮರುದಿನ ಹೇಳಬಹುದಿತ್ತು. ಮರುದಿನವೂ ಆಗಲಿಲ್ಲವೆಂದರೆ ಹೊಳೆ ದಾಟಿ ಮಾಯಿಲಪ್ಪನ ಜಗಲಿಯಲ್ಲಿ ಹತ್ತು ನಿಮಿಷ ಕೂರಬಹುದಿತ್ತು. ತಮ್ಮವನು, ಓಟಿನವನು, ಮುಂದಿನ ಸಲ ಬೇಕಾದವನು ಎಂದು ಬಾಯಿ ಹೊಲಿದುಕೊಂಡು ಕೂತರು. ಬೈದವನಿಗಿಂತ ನಕ್ಕವನ ಮೇಲೆ ನನಗೆ ಹೆಚ್ಚು ಸಿಟ್ಟು. ಅವನೊಬ್ಬ ಅಂದು ತಡೆದಿದ್ದರೆ ಆ ಐವರು ಬುಧವಾರ ತಮ್ಮ ತಮ್ಮ ಗದ್ದೆಯಲ್ಲಿ ಇರುತ್ತಿದ್ದರು.

ಆದಂ ಕುಂಞಿ ಕೇಳುತ್ತಿರುವುದೂ ಇಷ್ಟನ್ನೇ. ಪ್ರತಿ ಬುಧವಾರ ಮಧ್ಯಾಹ್ನ ತಮ್ಮನ ಕೈಗೆ ಗಳ ಕೊಟ್ಟು ಪಂಚಾಯತಿ ಕಚೇರಿಗೆ ಹೋಗುತ್ತಾರೆ. ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ಚೇರ್ಮನ್ನರು ಹೊರಬಂದಾಗ ಎದ್ದು ನಿಂತು, ಆ ಮಾತು ತಪ್ಪು ಅಂತ ಮೈದಾನದಲ್ಲಿ ಒಮ್ಮೆ ಹೇಳಿಬಿಡಿ ಎನ್ನುತ್ತಾರೆ. ಹತ್ತು ತಿಂಗಳಲ್ಲಿ ಒಂದು ಬುಧವಾರವೂ ತಪ್ಪಿಲ್ಲ. ಮಾರ್ಚಿನಲ್ಲಿ ಕಡವಿನ ಗುತ್ತಿಗೆ ಯಾರಿಗೆ ಎಂದು ತೀರ್ಮಾನಿಸುವುದು ಇದೇ ಪಂಚಾಯತಿ. ಅದಾಗಲೇ ಬೇರೊಬ್ಬನ ಹೆಸರು ಓಡಾಡುತ್ತಿದೆ. ದೋಣಿ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

"ನಾನು ಹೇಳಿ ಹೇಳಿ ಸಾಕಾಯ್ತು," ಎನ್ನುತ್ತಾರೆ ಹೆಂಡತಿ ಬೀಫಾತುಮ್ಮ, ನನ್ನ ಮುಂದೆ ಗಂಜಿ, ಒಣಮೀನಿನ ಚಟ್ನಿ ಇಡುತ್ತ. "ದೊಡ್ಡವರ ವಿಷಯ ನಮಗೆ ಎಂತಕ್ಕೆ? ಆದ್ರೆ ಇವರು ಮೂರು ತಿಂಗಳು ಸರಿಯಾಗಿ ಉಣ್ಲಿಲ್ಲ. ಕೇಳದೆ ಹತ್ತಿಸಿದೆ, ಕೇಳದೆ ಹತ್ತಿಸಿದೆ ಅಂತ ಒಂದೇ ಮಾತು. ಹೋಗಿ ಕೇಳ್ಲಿ ಅಂತ ನಾನೇ ಬಿಟ್ಟೆ."

ಹೋದ ತಿಂಗಳು ತ್ಯಾಂಪಣ್ಣನವರಿಗೆ ಆಚೆ ದಡದ ಮದುವೆಯೊಂದಕ್ಕೆ ಹೋಗಬೇಕಿತ್ತು. ದೋಣಿಯಲ್ಲಿ ಅವರೊಬ್ಬರೇ. ನಡೆದದ್ದನ್ನು ಆದಂ ಕುಂಞಿಯ ಬಾಯಿಂದಲೇ ಕೇಳಿ:

"ನಡು ಹೊಳೆಗೆ ಬಂದಾಗ ಅವರಾಗಿಯೇ ಮಾತು ತೆಗೆದ್ರು. 'ಆದಂ ಬ್ಯಾರಿ, ಅವತ್ತು ಮಹಾಬಲ ಹೇಳಿದ್ದು ಸರಿಯಲ್ಲ, ನನಗೂ ಗೊತ್ತುಂಟು. ನನಗೂ ಬೇಜಾರುಂಟು' ಅಂತ. ನಾನು ಹೇಳಿದೆ, 'ಧಣಿಗಳೇ, ಇಲ್ಲಿ ಕೇಳ್ಲಿಕ್ಕೆ ನಾನೊಬ್ಬನೇ ಇರುದು. ಅಲ್ಲಿ ಮುನ್ನೂರು ಜನ ಕೇಳಿದ್ದಾರೆ. ಅದನ್ನು ಅವರ ಎದುರೇ ಹೇಳ್ಬೇಕು.' ಅವರು ನೀರು ನೋಡ್ಲಿಕ್ಕೆ ಶುರು ಮಾಡಿದ್ರು."

ದೋಣಿ ನಿಲ್ಲಿಸಬಹುದಿತ್ತಲ್ಲ, ಹೇಳುತ್ತೇನೆ ಎನ್ನುವವರೆಗೆ? ನಾನು ತಮಾಷೆಗೆ ಕೇಳಿದೆ. ಅವರು ನಗಲಿಲ್ಲ. "ಛೆ, ಛೆ. ಹೆದರಿಸಿ ಹೇಳಿಸಿದ್ರೆ ಅದು ಮಹಾಬಲರ ಹಾಗೇ ಆಯ್ತಲ್ಲ ಮಾರಾಯ್ರೆ."

ಬಿಸಿಲೇರಿದೆ. ಹದಿನಾಲ್ಕನೆಯ ಸಲ ದಾಟಿಸಿ ಬಂದು, ದೋಣಿಯ ಅಂಚಿನಲ್ಲಿ ಕುಳಿತು ಬೀಡಿ ಹಚ್ಚುತ್ತಾರೆ. ಬರುವ ಜನವರಿಯಲ್ಲಿ ಮತ್ತೆ ಅದೇ ಮೈದಾನ, ಅದೇ ಮೈಕು, ಅದೇ ಕುರ್ಚಿಗಳು. ಚೇರ್ಮನ್ನರು ಈ ಸಲವೂ ಹೇಳದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಇಷ್ಟು ದಿನ ಯೋಚಿಸಿ ಇಟ್ಟುಕೊಂಡ ಉತ್ತರವಿರಬೇಕು, ತಡವರಿಸುವುದಿಲ್ಲ.

"ನಾನು ಹೇಳ್ತೇನೆ. ಒಂದೇ ಒಂದು ನಿಮಿಷ ಮೈಕು ಕೊಡಿ ಅಂತ ಕೇಳ್ತೇನೆ. ಕೊಡದಿದ್ರೆ ದೊಡ್ಡ ಸ್ವರ ಉಂಟು ನನಗೆ, ಆಚೆ ಕರೆಗೆ ಕೇಳುವಷ್ಟು. ಮಾಯಿಲಪ್ಪಣ್ಣ ಎದುರಿಗೆ ಕೂತಿರ್ತಾರೆ. ಆ ಐದು ಜನರನ್ನು ದಾಟಿಸಿದವ ನಾನು, ದೊಣ್ಣೆ ಕಂಡೂ ಸುಮ್ಮನಿದ್ದದ್ದು ನನ್ನ ತಪ್ಪು ಅಂತ ಎಲ್ಲರ ಎದುರು ಒಪ್ಪಿಕೊಳ್ತೇನೆ. ಅಷ್ಟೇ. ಬೇರೆ ಯಾರ ಹೆಸರೂ ಎತ್ತುದಿಲ್ಲ. ದೋಣಿಯವ ತನ್ನ ತಪ್ಪು ಹೇಳಿ ಇಳಿದ ಮೇಲೆ, ಚೇರ್ಮನ್ನರು ಆ ಕುರ್ಚಿಯಲ್ಲಿ ಹೇಗೆ ಕೂತುಕೊಳ್ತಾರೆ ಅಂತ ಜನ ನೋಡ್ಲಿ."